ನಿಘಂಟು ಬೇಕು, ಪಾದ್ರಿ ಬೇಡ!

ಇಪ್ಪತ್ತೊಂದರ ಹರೆಯದ ಯುವಕನೊಬ್ಬ ನಮ್ಮ ಊರಿಗೆ ಬರುತ್ತಾನೆ ಎಂದುಕೊಳ್ಳೋಣ. ಊರಿಗೆ ಅವನು ಹೊಸಬ, ಅವನಿಗೆ ಊರು ಹೊಸದು. ಬಗಲಲ್ಲಿ ಬೈಬಲ್ಲು. ಇರಲು ಒಂದು ಮನೆ ಕೇಳುತ್ತಾನೆ. ಬೆಳಿಗ್ಗೆ ಎದ್ದು ಹೊಲದ ಹಾದಿ ಹಿಡಿಯುತ್ತಾನೆ, ಕಟ್ಟೆಯ ಮೇಲೆ ಕೂತವರ ನಡುವೆ ತಾನೂ ಕೂರುತ್ತಾನೆ, ಸಂತೆಯಲ್ಲಿ ನಿಂತು ಯೇಸುವಿನ ಮಾತಾಡುತ್ತಾನೆ. ಇಂದು ಅವನ ಗತಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಮೊದಲ ವಾರ ಯಾರೋ ಅವನ ಫೋಟೋ ತೆಗೆಯುತ್ತಾರೆ. ಎರಡನೆಯ ವಾರ ಮನೆ ಮಾಲೀಕನಿಗೆ ಫೋನು ಬರುತ್ತದೆ. ಮೂರನೆಯ ಭಾನುವಾರ ಬಾಗಿಲ ಮುಂದೆ ಗುಂಪು ಸೇರುತ್ತದೆ. ಕೊನೆಗೆ ಪೊಲೀಸರ ಜೀಪು ಹತ್ತುವವನು ಹೊಡೆದವನಲ್ಲ, ಹೊಡೆಸಿಕೊಂಡವನು.

ಆದರೆ ಇಂಥ ಯುವಕನೊಬ್ಬ ನಿಜವಾಗಿ ಬಂದದ್ದು 1853ರಲ್ಲಿ. ಜರ್ಮನಿಯ ಉತ್ತರದ ಕಡಲಂಚಿನ ಊರಿನವನು. ಅವನನ್ನು ಕಳಿಸಿದ್ದು ಬಾಸೆಲ್ ಮಿಷನ್. ಮೊದಲ ವರ್ಷಗಳನ್ನು ಅವನು ಕಳೆದದ್ದು ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ. ಅವನ ಹೆಸರು ಫರ್ಡಿನಾಂಡ್ ಕಿಟೆಲ್.

ಹೆಸರು ಕೇಳಿದೊಡನೆ ನಾವು ಎದ್ದು ನಿಲ್ಲುತ್ತೇವೆ. ಕಿಟೆಲ್ ಎಂದರೆ ಕನ್ನಡದ ಹೆಮ್ಮೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಅವರ ಹೆಸರು ತಪ್ಪದೆ ಬರುತ್ತದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ ಎಂದು ನಮ್ಮ ಮಕ್ಕಳೂ ಕಂಠಪಾಠ ಒಪ್ಪಿಸುತ್ತಾರೆ. ಆದರೆ ಆ ಮನುಷ್ಯ ಇಲ್ಲಿಗೆ ಏಕೆ ಬಂದ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಿಘಂಟು ಬರೆಯಲು ಬಂದವರಂತೆ, ಕನ್ನಡದ ಮೇಲಿನ ಮೋಹದಿಂದ ಹಡಗು ಹತ್ತಿದವರಂತೆ ನಾವು ಅವರ ಕಥೆ ಹೇಳುತ್ತೇವೆ. ಇದು ಸುಳ್ಳು. ಕಿಟೆಲ್ ಬಂದದ್ದು ನಮ್ಮನ್ನು ಕ್ರೈಸ್ತರನ್ನಾಗಿ ಮಾಡಲು. ಅದನ್ನು ಅವರು ಮುಚ್ಚಿಡಲೂ ಇಲ್ಲ. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದ್ದು ಕನ್ನಡಿಗರ ಕಿವಿಗೆ ಆ ಸಂದೇಶ ಹಿತವಾಗಲಿ ಎಂದೇ. ಭಾಷೆ ಕಲಿಯದೆ ಮತ ಹೇಳಲಾಗದು ಎಂದು ತಿಳಿದೇ ಅವರು ಭಾಷೆಗೆ ಕೈಹಾಕಿದರು. ಆ ಕೈಯನ್ನು ಭಾಷೆ ಮತ್ತೆ ಬಿಡಲಿಲ್ಲ, ಅದು ಬೇರೆ ಮಾತು.

ಹಾಗೆ ಹಿಡಿದ ಭಾಷೆ ಅವರನ್ನು ಎಲ್ಲೆಲ್ಲಿಗೆ ಕರೆದೊಯ್ಯಿತು ನೋಡಿ. ಜೈನನಾದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿದರು. ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಹೊರತಂದರು. ಮರುವರ್ಷ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಬರೆದರು. ಪಂಡಿತರ ಓಲೆಗರಿಯ ಪಕ್ಕದಲ್ಲೇ ರೈತಾಪಿ ಜನರ ಗಾದೆಗಳನ್ನು ನಿಘಂಟಿನೊಳಗೆ ಕೂರಿಸಿದರು. ಉರ್ದು ಶಾಲೆಯಲ್ಲಿ ಅಲಿಫ್ ಬೆ ಕಲಿತು ಆಮೇಲೆ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಆ ನಿಘಂಟಿನಲ್ಲಿ ಇನ್ನೊಂದು ಸಂತೋಷ ಕಾದಿತ್ತು. ಮನೆಯಲ್ಲಿ ಅಮ್ಮಿ ಆಡುತ್ತಿದ್ದ ಎಷ್ಟೋ ಮಾತುಗಳು ಅಲ್ಲಿದ್ದವು. ಜಮೀನು, ಹುಕುಮು, ಕಚೇರಿಯಂಥ ಪದಗಳು ನಮ್ಮ ನಾಡಿಗೆ ಪಾರಸಿ, ಅರಬಿ, ಹಿಂದುಸ್ತಾನಿಗಳ ಹಾದಿಯಲ್ಲಿ ಬಂದವು. ಕಿಟೆಲ್ ಇಂಥ ಪದಗಳಿಗೆ ಹಿಂದುಸ್ತಾನಿ ಎಂದು ಗುರುತು ಹಾಕಿದರು. ಆದರೆ ನಿಘಂಟಿನಿಂದ ಹೊರಗೆ ಹಾಕಲಿಲ್ಲ. ಎಲ್ಲಿಂದ ಬಂದದ್ದು ಎಂದು ಹೇಳುವುದೇ ಬೇರೆ, ಬಂದಲ್ಲಿಗೆ ಹೋಗು ಎನ್ನುವುದೇ ಬೇರೆ. ಈ ವ್ಯತ್ಯಾಸ ಆ ಪರದೇಶಿ ಪಾದ್ರಿಗೆ ತಿಳಿದಿತ್ತು.

ಈಗ ಅದೇ ಹುಬ್ಬಳ್ಳಿಗೆ ಬನ್ನಿ. 2021ರ ಅಕ್ಟೋಬರ್ 17, ಭಾನುವಾರ. ಭೈರಿದೇವರಕೊಪ್ಪದ ಸಣ್ಣ ಪ್ರಾರ್ಥನಾ ಮಂದಿರಕ್ಕೆ ಗುಂಪೊಂದು ನುಗ್ಗಿ ಒಳಗೇ ಕೂತು ಭಜನೆ ಹಾಡಿತು. ಬಲವಂತದ ಮತಾಂತರ ನಡೆಯುತ್ತಿದೆ ಎಂಬುದು ಅವರ ಆರೋಪ. ಶಾಸಕರೊಬ್ಬರು ರಸ್ತೆ ತಡೆದು ಪಾದ್ರಿಯ ಬಂಧನಕ್ಕೆ ಪಟ್ಟು ಹಿಡಿದರು. ಅಂದು ಬಂಧನಕ್ಕೊಳಗಾದದ್ದು ಪಾದ್ರಿಯೇ. ನಿಘಂಟು ಅಚ್ಚಾದ ಮಂಗಳೂರಿನಲ್ಲೋ, 2008ರ ಸೆಪ್ಟೆಂಬರ್ 14ರಂದು ಪ್ರಾರ್ಥನೆಯ ಹೊತ್ತಿಗೇ ಚರ್ಚುಗಳ ಮೇಲೆ ದಾಳಿ ನಡೆದಿತ್ತು. ಕಿಟೆಲ್ ಹೆಸರಿಗೆ ಜೈಕಾರ ಹಾಕುವ ನಾಡು ಕಿಟೆಲ್ ಮಾಡಿದ ಕೆಲಸವನ್ನು ಅಪರಾಧ ಎನ್ನುತ್ತದೆ.

ಮಾತಿಗೆ ಅಪರಾಧ ಎಂದದ್ದಲ್ಲ, ಕಾನೂನೇ ಹಾಗೆ ಬರೆಯಲ್ಪಟ್ಟಿತು. 2022ರಲ್ಲಿ ಜಾರಿಗೆ ಬಂದ ಮತಾಂತರ ನಿಷೇಧದ ಕಾಯ್ದೆಗೆ ಇಟ್ಟ ಹೆಸರು 'ಧಾರ್ಮಿಕ ಸ್ವಾತಂತ್ರ್ಯ ಹಕ್ಕಿನ ಸಂರಕ್ಷಣೆ'! ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆಕ್ಷೇಪಣೆಗಳಿದ್ದರೆ ಬರಲಿ ಎಂದು ಅದನ್ನು ಫಲಕದಲ್ಲಿ ಹಚ್ಚಬೇಕು. ಒಬ್ಬ ಮನುಷ್ಯ ತನ್ನ ದೇವರ ಜೊತೆ ಮಾತಾಡಲು ಊರಿನವರ ತಕರಾರು ಕೇಳಬೇಕು! ಆಮಿಷದ ವ್ಯಾಖ್ಯೆಯಲ್ಲಿ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವೂ ಸೇರಿತು, ಉತ್ತಮ ಜೀವನಶೈಲಿಯ ಮಾತೂ ಸೇರಿತು. ಹಿಂದಿನ ಮತಕ್ಕೆ ಮರಳುವುದನ್ನು ಮಾತ್ರ ಮತಾಂತರವೆಂದು ಎಣಿಸಲಿಲ್ಲ. ಅಂದರೆ ಬಾಗಿಲು ಒಳಬರುವವರಿಗೆ ತೆರೆದಿದೆ, ಹೊರಹೋಗುವವರಿಗೆ ಬೀಗ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆದರೆ ಕಾಯ್ದೆ ಊರೂರಿಗೆ ಕಲಿಸಿಕೊಟ್ಟ ಗುಮಾನಿಯನ್ನು ಯಾವ ಸಂಪುಟ ಹಿಂಪಡೆಯುತ್ತದೆ?

ಆಮಿಷ ಎಂಬ ಮಾತು ಬಂದಿತಲ್ಲ, ಅದನ್ನೂ ನೋಡೋಣ. 1841ರಲ್ಲಿ ಬಾಸೆಲ್ ಮಿಷನ್‌ನವರು ಗದಗಿನ ಬಳಿ ಮಲ್ಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನು ತೆರೆದರು. ಜನ ಹಿಂಡುಗಟ್ಟಿ ಬಂದಾರು ಎಂಬ ಆಸೆ ಅವರದು. ಭೂಮಿ ಇತ್ತು, ಬಂದವರು ಮಾತ್ರ ಬೆರಳೆಣಿಕೆ. ನಮ್ಮ ಬಡವರು ಒಂದು ತುಂಡು ನೆಲಕ್ಕೆ, ಒಂದು ಹಿಡಿ ಅಕ್ಕಿಗೆ ದೇವರನ್ನು ಮಾರಿಕೊಳ್ಳುವವರಾಗಿದ್ದರೆ ಇಷ್ಟು ಹೊತ್ತಿಗೆ ನಾಡೆಲ್ಲ ಶಿಲುಬೆಯೇ ಕಾಣಬೇಕಿತ್ತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87 ಮಾತ್ರ. ಆಮಿಷದ ಕೂಗು ಪಾದ್ರಿಗೆ ಮಾಡುವ ಅವಮಾನವಷ್ಟೇ ಅಲ್ಲ. ಬಡವನಿಗೆ ಬುದ್ಧಿಯಿಲ್ಲ, ದಲಿತನಿಗೆ ಆತ್ಮವಿಲ್ಲ, ಹೆಣ್ಣಿಗೆ ಸ್ವಂತ ತೀರ್ಮಾನವಿಲ್ಲ ಎಂಬ ಯಜಮಾನಿಕೆಯ ಮಾತು ಅದು. ಮಹಿಳೆಯರು ಮತ್ತು ಪರಿಶಿಷ್ಟರ ಮತಾಂತರಕ್ಕೆ ಆ ಕಾಯ್ದೆ ಹೆಚ್ಚಿನ ಶಿಕ್ಷೆ ಇಟ್ಟದ್ದರ ಹಿಂದೆ ಇದ್ದದ್ದೂ ಈ ಯಜಮಾನಿಕೆಯೇ. ಮತ ಬಿಟ್ಟವರು ಆ ಕಾಲದಲ್ಲಿ ಜಾತಿಯನ್ನೂ ಕಸುಬನ್ನೂ ಕಳೆದುಕೊಂಡು ಬೀದಿಗೆ ಬೀಳುತ್ತಿದ್ದರು. ಅವರ ಅನ್ನಕ್ಕಾಗಿಯೇ ಮಿಷನ್ ನೇಯ್ಗೆಯ ಕಾರ್ಖಾನೆ ತೆರೆಯಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆ ಹೆಂಚಿನ ಕೆಳಗೆ ನಾವೆಲ್ಲ ಮಲಗಿದ್ದೇವೆ, ಎಲ್ಲ ಜಾತಿಯವರೂ, ಎಲ್ಲ ಮತದವರೂ.

ಮಿಷನರಿಗಳು ಹಾಲಿನಲ್ಲಿ ತೊಳೆದವರು ಎಂದು ನಾವು ಹೇಳುತ್ತಿಲ್ಲ. ಅವರ ಬೆನ್ನಿಗೆ ಕಂಪನಿಯ ಆಳ್ವಿಕೆಯ ನೆರಳಿತ್ತು. ನಮ್ಮ ದೇವರು ದಿಂಡರು, ಪೀರರು, ಉರುಸು, ಜಾತ್ರೆಗಳೆಲ್ಲ ಅವರಲ್ಲಿ ಅನೇಕರಿಗೆ ಕತ್ತಲೆಯಾಗಿಯೇ ಕಂಡವು. ಆ ಅಹಂಕಾರವನ್ನು ಖಂಡಿಸಬೇಕು. ಆದರೆ ಖಂಡಿಸುವುದು ಮಾತಿನಿಂದ. ಜಾತ್ರೆಯಲ್ಲಿ ಪಾದ್ರಿ ನಿಂತು ಬೋಧಿಸಿದರೆ ಎದುರು ನಿಂತು ವಾದಿಸುವ ಎದೆಗಾರಿಕೆ ವಚನಕಾರರ, ತತ್ವಪದಕಾರರ ಈ ನಾಡಿಗೆ ಇತ್ತು. ತನ್ನ ನಂಬಿಕೆಯ ಮೇಲೆ ಭರವಸೆಯಿದ್ದವನು ವಾದಕ್ಕೆ ಕೂರುತ್ತಾನೆ. ಭರವಸೆ ಕಳೆದುಕೊಂಡವನು ಪೊಲೀಸರನ್ನು ಕರೆಯುತ್ತಾನೆ.

ಸಂವಿಧಾನದ 25ನೆಯ ವಿಧಿ ಮತವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಪ್ರಚಾರ ಎಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ನಿಜ. ಆದರೆ ಕೇಳುವವನ ಹಕ್ಕು ಎಲ್ಲಿಗೆ ಹೋಯಿತು? ಕೇಳಿ, ಯೋಚಿಸಿ, ಒಪ್ಪುವ ಅಥವಾ ತಳ್ಳಿಹಾಕುವ ಹಕ್ಕು ಅವನದಲ್ಲವೆ?

ಈ ಪ್ರಶ್ನೆಯನ್ನು ನಾವು ನಮ್ಮವರಿಗೂ ಕೇಳಬೇಕು. ಇಲ್ಲವಾದರೆ ಇಷ್ಟು ಬರೆದದ್ದು ವ್ಯರ್ಥ. ನಮ್ಮ ಜಮಾತಿನ ಹುಡುಗರು ಊರೂರು ತಿರುಗಿ ದೀನಿನ ಮಾತು ಹೇಳುವಾಗ ಅದು ನಮ್ಮ ಹಕ್ಕು ಎನ್ನುತ್ತೇವೆ. ಸರಿ. ಆದರೆ ನಮ್ಮದೇ ಮೊಹಲ್ಲಾದ ಹುಡುಗನೊಬ್ಬ ಪಾದ್ರಿಯ ಮಾತು ಕೇಳಲು ಹೋದರೆ? ಹುಡುಗಿಯೊಬ್ಬಳು ಬೇರೆ ದಾರಿ ಹಿಡಿದರೆ? ಸಲಾಮಿಗೆ ಉತ್ತರ ಸಿಗುವುದಿಲ್ಲ, ಮದುವೆಗೆ ಕರೆ ಬರುವುದಿಲ್ಲ, ಸತ್ತರೆ ಹೆಗಲು ಕೊಡುವವರಿಲ್ಲ. ನಮ್ಮ ಬಾಗಿಲಿಗೂ ಒಂದೇ ಕಡೆ ಚಿಲಕವಿದೆ. ದೀನಿನಲ್ಲಿ ಬಲವಂತವಿಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು ಆ ಮಾತನ್ನು ಹೊರಗೆ ಹೊರಟವನಿಗೂ ಅನ್ವಯಿಸುವ ಧೈರ್ಯ ತೋರಬೇಕು. ಆಗ ಮಾತ್ರ ಭೈರಿದೇವರಕೊಪ್ಪದ ಬಗ್ಗೆ ಮಾತಾಡುವ ನೈತಿಕ ಹಕ್ಕು ನಮಗೆ ಬರುತ್ತದೆ.

ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ಅವರನ್ನು ನೆನೆಯುವ ಸಭೆಗಳು ಇನ್ನೂ ನಡೆಯುತ್ತವೆ, ನಡೆಯಲಿ. ಆದರೆ ಆ ಸಭೆಗಳಲ್ಲಿ ಹಾರ ಹಾಕುವ ಸಾಹಿತಿಗಳನ್ನೂ ಮಂತ್ರಿಗಳನ್ನೂ ನಾವು ಒಂದೇ ಒಂದು ಮಾತು ಕೇಳುತ್ತೇವೆ. ನಾಳೆ ಇಪ್ಪತ್ತೊಂದರ ಹುಡುಗನೊಬ್ಬ ಬೈಬಲ್ ಹಿಡಿದು ನಿಮ್ಮ ಊರಿಗೆ ಬಂದರೆ, ಅವನಿಗೆ ಬಾಡಿಗೆಗೆ ಮನೆ ಕೊಡುತ್ತೀರಾ? ಉತ್ತರ ಇಲ್ಲ ಎಂದಾದರೆ, ದಯವಿಟ್ಟು ಕಪಾಟಿನಿಂದ ಆ ನಿಘಂಟನ್ನೂ ತೆಗೆದಿಡಿ. ಅದು ಅವನಂಥವನೇ ಒಬ್ಬ ಬರೆದದ್ದು.