ಸುಣ್ಣ-ಬಣ್ಣಕ್ಕೆ ಮೊದಲು ಮಾಳಿಗಿ ಹತ್ತಿ ನೋಡಿ

ಆಳಂದದಿಂದ ಉಮರ್ಗಾ ದಾರಿ ಹಿಡಿದರೆ ಮಹಾರಾಷ್ಟ್ರದ ಗಡಿಗೆ ಮುಂಚೆ ಸಿಗುವ ಹೋಬಳಿ ಊರು ಖಜೂರಿ. ಸುತ್ತ ತೊಗರಿ ಬೆಳೆಯುವ ಎರಿ ನೆಲ, ಕಿವಿಗೆ ಬೀಳುವುದು ಕನ್ನಡ, ಮರಾಠಿ ಎರಡೂ. ಈ ಸೀಮೆಯ ಹಳೆಯ ಮನೆ ಎಂದರೆ ಮಾಳಿಗಿ ಮನಿ. ಮೊಳಕ್ಕೂ ಮಿಗಿಲಾದ ದಪ್ಪದ ಕಲ್ಲುಗೋಡೆ, ತೊಲೆ-ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು, ನಡುವೆ ಬೆಳಕಿಂಡಿ, ಒಳಗೆ ಫರಸಿ ಹಾಸಿದ ಪಡಸಾಲೆ. ಅಣ್ಣತಮ್ಮಂದಿರು ಕೂಡಿ ಬಾಳಿದ ಇಂಥ ಮನೆಗಳು ಪಾಲಾದವು. ಮಕ್ಕಳು ಸೊಲ್ಲಾಪುರ, ಪುಣೆ, ಹೈದರಾಬಾದ್ ಸೇರಿದರು. ಹಲವು ಬಾಗಿಲುಗಳಿಗೆ ಬೀಗ ಬಿತ್ತು.

ಆ ಬೀಗ ತೆಗೆದು ಮನೆಯನ್ನು ಮೂರೋ ನಾಲ್ಕೋ ಬಿಡಾರ ಮಾಡಿ ಕಿರಾಯಿಗೆ ಕೊಡುವುದು ಒಳ್ಳೆಯ ಯೋಚನೆ. ಹೋಬಳಿ ಊರಿಗೆ ವರ್ಗವಾಗಿ ಬರುವ ಶಿಕ್ಷಕರು, ದಾದಿಯರು, ಬ್ಯಾಂಕ್ ನೌಕರರು, ಲೈನ್‌ಮನ್‌ಗಳಿಗೆ ಸೂರು ಬೇಕು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಇದೇ ತಾಲ್ಲೂಕಿನ ಕಡಗಂಚಿಯಲ್ಲಿದೆ. ಅದರ ನೌಕರರು, ವಿದ್ಯಾರ್ಥಿಗಳಿಗೂ ಸುತ್ತಲಿನ ಊರುಗಳಲ್ಲಿ ಕೋಣೆ ಬೇಕಾಗುತ್ತದೆ. ಜನ ಬಾಳುವ ಮನೆ ಬೀಗ ಬಿದ್ದ ಮನೆಗಿಂತ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ತಪ್ಪುತ್ತಿರುವುದು ದುಡ್ಡು ಹಾಕುವ ಕ್ರಮ. ಮೊದಲು ಬಣ್ಣ, ಆಮೇಲೆ ಟೈಲ್ಸ್, ಆಮೇಲೆ ಮಾಳಿಗಿಯ ಜಂತಿ ಕಾಣದಂತೆ ಪಿಒಪಿ ಹೊದಿಕೆ. ನೋಡಲು ಬಂದವರ ಕಣ್ಣಿಗೆ ಮನೆ ಹೊಸತಾಗುತ್ತದೆ. ಗೋಡೆ ಮತ್ತು ಮಾಳಿಗಿ ಹಳೆಯವೇ. ತನ್ನ ಮನೆಯಲ್ಲಿ ತಾನೇ ಮಲಗುವವನಿಗೆ ಯಾವ ಮೂಲೆ ಸೋರುತ್ತದೆ, ಯಾವ ತೊಲೆಗೆ ಗೆದ್ದಲು ಹಿಡಿದಿದೆ ಎಂಬುದು ಗೊತ್ತಿರುತ್ತದೆ. ಕಿರಾಯಿಗೆ ಬಂದ ಕುಟುಂಬಕ್ಕೆ ಅದು ತಿಳಿಯುವುದೇ ಇಲ್ಲ. ಹಾಗಾಗಿ ಇದು ಲಾಭ-ನಷ್ಟಕ್ಕಿಂತ ದೊಡ್ಡ ಮಾತು.

ಗಡಿಯಾಚೆ ಉಮರ್ಗಾ ದಾಟಿ ಉತ್ತರಕ್ಕೆ ಹೋದರೆ ಲಾತೂರ್ ಜಿಲ್ಲೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ದಣಿದು ಬಂದ ಜನ ಮಲಗಿದ್ದಾಗ, 4 ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಂತೆ ನೆಲ ನಡುಗಿತು. ಸುಮಾರು 10 ಸಾವಿರ ಜನ ಸತ್ತರು. ಕಂಪನದ ತೀವ್ರತೆ 6.2ರ ಆಸುಪಾಸು. ಅಷ್ಟು ಸಾವಿಗೆ ಕಾರಣವಾದದ್ದು ಮುಖ್ಯವಾಗಿ ಮನೆಗಳ ಕಟ್ಟೋಣ. ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆ, ಮೇಲೆ ಮಣ್ಣಿನ ಹೊರೆ. ಅಂದಿನ ನಕ್ಷೆಯಲ್ಲಿ ಆ ಪ್ರದೇಶ ಭೂಕಂಪದ ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ ವಲಯದಲ್ಲಿತ್ತು. ಖಜೂರಿ ಸೀಮೆಯ ಮಾಳಿಗಿ ಮನೆಗಳು ಅದೇ ಕುಲದವು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮತ್ತೆ ಮತ್ತೆ ನಡುಗಿದ ನೆಲಕ್ಕೆ ಅಂಜಿ ಮನೆಯ ಹೊರಗೆ ರಾತ್ರಿ ಕಳೆದರು.

ಮಾಳಿಗಿ ಸೋರಿತೆಂದು ವರ್ಷವರ್ಷವೂ ಮಣ್ಣು ಹಾಕುವುದು ಇಲ್ಲಿಯ ರೂಢಿ. ಹತ್ತಾರು ವರ್ಷಗಳಲ್ಲಿ ಆ ಹಾಸು ಒಂದಡಿ ದಾಟುತ್ತದೆ. 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆಯ ಮೇಲೆ 30 ಸೆಂಟಿಮೀಟರ್ ಮಣ್ಣಿದ್ದರೆ ಅದರ ತೂಕ ಸುಮಾರು 6 ಟನ್. ಮಳೆ ನೀರು ಕುಡಿದರೆ ಇನ್ನೂ ಹೆಚ್ಚು. ಭೂಕಂಪವೇ ಆಗಬೇಕೆಂದಿಲ್ಲ, 2020ರ ಅಕ್ಟೋಬರ್‌ನ ಮಳೆಯಂಥ ಒಂದು ಮಳೆ ಸಾಕು. ಆಗ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳು ನೀರಿನಲ್ಲಿ ನಿಂತವು. ನದಿಯಿಂದ ದೂರದ ಊರುಗಳಲ್ಲೂ ನೆನೆದ ಗೋಡೆಗಳು ಕುಸಿದವು.

ಆದ್ದರಿಂದ ಮೊದಲ ರೂಪಾಯಿ ಮಾಳಿಗಿಗೆ ಹೋಗಬೇಕು. ಹೆಚ್ಚಿನ ಮಣ್ಣು ಇಳಿಸಿ, ಗೆದ್ದಲು ತಿಂದ ಜಂತಿ ಬದಲಿಸಿ, ಮೇಲೆ ನೀರು ನಿಲ್ಲದಂತೆ ಇಳಿಜಾರು ಕೊಟ್ಟು, ಕುಂಬಿಯ ಬುಡದಲ್ಲಿ ನೀರು ಹೊರಹೋಗುವ ದೋಣಿ ಇಡಿಸಬೇಕು. ಎರಡನೆಯದು ಗೋಡೆ. ಹಳೆಯ ದಪ್ಪ ಗೋಡೆ ನಿಜಕ್ಕೂ ಎರಡು ತೆಳು ಗೋಡೆಗಳ ಜೋಡಿ. ನಡುವೆ ಜಲ್ಲಿ, ಮಣ್ಣು ತುಂಬಿರುತ್ತದೆ. ಎರಡೂ ಮೈಗಳನ್ನು ಬೆಸೆಯುವ ಉದ್ದಗಲ್ಲು ಇಲ್ಲದಿದ್ದರೆ ಹೊಟ್ಟೆ ಉಬ್ಬಿ ಒಡೆಯುತ್ತದೆ. ಭಾರತೀಯ ಮಾನಕ ಸಂಸ್ಥೆ 1993ರಲ್ಲೇ ಪ್ರಕಟಿಸಿದ ಐಎಸ್ 13828 ಸಂಹಿತೆಯ ಪ್ರಕಾರ ಎತ್ತರದಲ್ಲಿ 60 ಸೆಂಟಿಮೀಟರ್‌ಗೊಂದು, ಉದ್ದದಲ್ಲಿ 1.2 ಮೀಟರ್ ಒಳಗೊಂದು ಅಂಥ ಕಲ್ಲು ಇರಬೇಕು. ನಿಂತ ಗೋಡೆಗೂ ಉಪಾಯವಿದೆ. ಆರುಪಾರು ತೂತು ಮಾಡಿ, ಕೊಕ್ಕೆ ಬಗ್ಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬುವುದು. ಕಿಲ್ಲಾರಿಯ ನಂತರ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಗೌಂಡಿಗಳಿಗೆ ಕಲಿಸಿದ ಕೆಲಸ ಇದು.

ಮಣ್ಣಿನಲ್ಲಿ ಕಟ್ಟಿದ ಇಂಥ ಗೋಡೆಗೆ ಸಿಮೆಂಟ್ ಗಿಲಾವು ಬಳಿದರೆ ಒಳಗಿನ ಹಸಿ ಹೊರಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಸುಣ್ಣದ ಗಾರೆಯೇ ಸರಿ. ಹಿತ್ತಲಲ್ಲಿ ಹೊಸ ಅಡುಗೆಮನೆ, ಪಾಯಖಾನೆ ಕಟ್ಟುವವರು ಎರಿ ಮಣ್ಣನ್ನು ಮರೆಯಬಾರದು. ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವ ನೆಲ ಅದು. ಪಾಯ ಗರಸು ಸಿಗುವವರೆಗೆ ಇಳಿಯದಿದ್ದರೆ ವರ್ಷದೊಳಗೆ ಬಿರುಕು ಖಚಿತ.

ಗೋಡೆ, ಮಾಳಿಗಿ ಗಟ್ಟಿಯಾದ ಮೇಲೆ ಉಳಿದ ಅನುಕೂಲ. ಇಲ್ಲಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಬರಕತ್ತು ಕೊಡುವುದು ವಿದ್ಯುತ್ ಮೀಟರ್. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಗೆ ಮುಖ್ಯಮಂತ್ರಿಗಳು 2023ರ ಆಗಸ್ಟ್ 5ರಂದು ಚಾಲನೆ ಕೊಟ್ಟದ್ದು ಕಲಬುರಗಿಯಲ್ಲೇ. ಬಾಡಿಗೆದಾರರಿಗೂ ಅದರ ಹಕ್ಕಿದೆ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾಲ್ಕು ಕುಟುಂಬಗಳು ತಲಾ 60 ಯೂನಿಟ್ ಉರಿಸಿದರೂ ಮೀಟರ್ ಒಂದೇ ಇದ್ದರೆ ಲೆಕ್ಕ 240ಕ್ಕೆ ಹೋಗುತ್ತದೆ, ನಾಲ್ವರೂ ಸೌಲಭ್ಯ ಕಳೆದುಕೊಳ್ಳುತ್ತಾರೆ. ಜೆಸ್ಕಾಂನಿಂದ ಬಿಡಾರಕ್ಕೊಂದು ಮೀಟರ್ ಹಾಕಿಸಿ, ಬಾಡಿಗೆದಾರರ ಆಧಾರ್ ಜೋಡಿಸಿಕೊಳ್ಳಲು ಕರಾರು ಪತ್ರ ಕೊಟ್ಟರೆ ಆ ಕುಟುಂಬಗಳಿಗೆ ಪ್ರತಿ ತಿಂಗಳೂ ದುಡ್ಡು ಉಳಿಯುತ್ತದೆ. ಕರೆಂಟ್ ಬಿಲ್ ಹಂಚಿಕೊಳ್ಳುವ ಜಗಳವೂ ತಪ್ಪುತ್ತದೆ. ಬಿಡಾರಕ್ಕೊಂದು ನಲ್ಲಿ, ಬಿಡಾರಕ್ಕೊಂದು ಪಾಯಖಾನೆ ಇದ್ದರೆ ಮನೆ ಬಿಟ್ಟು ಹೋಗುವವರೂ ಕಡಿಮೆ.

ಕರಾರು ಪತ್ರ ಎಂದರೆ ಹಳ್ಳಿಯಲ್ಲಿ ಸಂಕೋಚ. ಬಾಯಿ ಮಾತಿನಲ್ಲೇ ಎಲ್ಲ ಮುಗಿಯುತ್ತದೆ. ಇದು ಇಬ್ಬರಿಗೂ ಒಳ್ಳೆಯದಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದಲೇ 11 ತಿಂಗಳ ಕರಾರು ರೂಢಿಗೆ ಬಂದದ್ದು. ಬಾಡಿಗೆ, ಮುಂಗಡದ ಜತೆಗೆ ರಿಪೇರಿ ಯಾರದೆಂಬುದನ್ನೂ ಅದರಲ್ಲಿ ಬರೆಯಬೇಕು. ಮಾಲೀಕ ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮೇ ಹೇಳುತ್ತದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಗೋಡೆ, ಪೈಪು, ವೈರಿಂಗ್ ರಿಪೇರಿ ಮಾಲೀಕನಿಗೆ, ನಲ್ಲಿಯ ವಾಷರ್, ಸ್ವಿಚ್ ಬಾಡಿಗೆದಾರನಿಗೆ ಎಂದು ಪಟ್ಟಿಯನ್ನೂ ಕೊಡುತ್ತದೆ. ರಾಜ್ಯಗಳು ಅಳವಡಿಸಿಕೊಳ್ಳದ ಹೊರತು ಅದು ಬರೀ ಮಾದರಿ. ಆದರೆ ಆ ಪಟ್ಟಿಯನ್ನು ತಮ್ಮ ಕರಾರಿನಲ್ಲಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಇನ್ನು ಗಳಿಕೆ. ಉದಾಹರಣೆಗೆ ನಾಲ್ಕು ಬಿಡಾರ, ತಲಾ 3,000 ರೂಪಾಯಿ ಬಾಡಿಗೆ ಎಂದುಕೊಳ್ಳೋಣ. ವರ್ಷಕ್ಕೆ 1,44,000. ಹತ್ತರಲ್ಲಿ ಒಂದು ಪಾಲು, 14,400 ರೂಪಾಯಿ, ಬೇರೆ ಖಾತೆಯಲ್ಲಿಟ್ಟರೆ ಪ್ರತಿ ಬೇಸಿಗೆಯಲ್ಲಿ ಮಾಳಿಗಿ ನೋಡಿಸಲು ಕೈ ಚಾಚಬೇಕಾಗಿಲ್ಲ. ಸೋರುವ ಎರಡು ಬಿಡಾರಗಳು ಮಳೆಗಾಲದ ನಾಲ್ಕು ತಿಂಗಳು ಖಾಲಿ ಬಿದ್ದರೆ ಹೋಗುವುದು 24,000.

ಪಂಚಾಯಿತಿ, ಸರ್ಕಾರಗಳ ಪಾಲಿನ ಕೆಲಸವೂ ಇದೆ. ಇಂಥ ಅನೇಕ ಹಳೆಯ ಮನೆಗಳ ದಾಖಲೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದೆ. ವಾರಸುದಾರರ ಹೆಸರಿಗೆ ಇ-ಸ್ವತ್ತಿನ ನಮೂನೆ 9, ನಮೂನೆ 11 ಸಿಗದೆ ಬ್ಯಾಂಕ್ ಸಾಲ ಸಿಗದು. ಸಾಲ ಸಿಗದವನು ಮಾಳಿಗಿ ಬಿಟ್ಟು ಬಣ್ಣಕ್ಕೆ ಕೈ ಹಾಕುತ್ತಾನೆ. ಹೋಬಳಿ ಮಟ್ಟದಲ್ಲಿ ಶಿಬಿರ ಮಾಡಿ ಈ ಖಾತೆಗಳನ್ನು ಬದಲಿಸಿಕೊಡಬೇಕು. ಹಳೆಯ ಕಲ್ಲುಗೋಡೆ ಗಟ್ಟಿಗೊಳಿಸುವ ಕೆಲಸವನ್ನು ಜಿಲ್ಲೆಯ ನಿರ್ಮಿತಿ ಕೇಂದ್ರ ನಮ್ಮ ಗೌಂಡಿಗಳಿಗೆ ಕಲಿಸಬೇಕು. ಬಾಡಿಗೆಗೆ ಕೊಟ್ಟ ಮಾಳಿಗಿ ಮನೆಗಳನ್ನು ವರ್ಷಕ್ಕೊಮ್ಮೆ ಎಂಜಿನಿಯರ್ ನೋಡಿ ಬರುವಂತಾಗಬೇಕು.

ಖಜೂರಿ, ಆಳಂದ, ಕಡಗಂಚಿಯಲ್ಲಿ ಹಳೆಯ ಮನೆ ಬಾಡಿಗೆಗೆ ಕೊಡುವ ಮಾಲೀಕರಲ್ಲಿ ವಿನಂತಿ ಇಷ್ಟೇ. ಮುಂದಿನ ಮಿರಗದ ಮಳೆಗೆ ಮುಂಚೆ, ಬಣ್ಣದವನನ್ನು ಕರೆಯುವ ಮೊದಲು, ಅನುಭವಿ ಗೌಂಡಿಯೊಬ್ಬನನ್ನು ಕರೆದುಕೊಂಡು ಮಾಳಿಗಿ ಹತ್ತಿ. ಮಣ್ಣು ಎಷ್ಟು ದಪ್ಪ ಇದೆ ಎಂದು ಅಗೆದು ನೋಡಿ, ಒಳಗೆ ಇಳಿದು ಒಂದೊಂದು ಜಂತಿಯನ್ನೂ ಬಡಿದು ನೋಡಿ. ಅದರ ಕೆಳಗೆ ಮಲಗುವವರು ನಿಮ್ಮ ಊರಿನ ಮಕ್ಕಳಿಗೆ ಪಾಠ ಹೇಳುವ, ಸೂಜಿ ಹಾಕುವ, ಕಂಬ ಹತ್ತುವ ಜನ.