ಹೊಸ ಕಾರ್ಡಿಗೆ ಹೊಸ ತಿರುಳು

ಬಾಗಿಲಲ್ಲಿ ಅತಿಥಿಯೊಬ್ಬ ನಿಂತಿದ್ದಾನೆ. ಒಳಗಿನವರಿಗೆ ಅವನ ಭಾಷೆ ಬಾರದು. ಅವನೋ ತನ್ನ ಹೆಸರು, ಊರು, ಬಂದ ಕೆಲಸ ಎಲ್ಲವನ್ನೂ ವಿನಯದಿಂದ ಹೇಳಿಕೊಳ್ಳುತ್ತಲೇ ಇದ್ದಾನೆ. ಆದರೂ ಮನೆಯವರ ಮಟ್ಟಿಗೆ ಅವನು ಬಂದೇ ಇಲ್ಲ. ಮೂವತ್ತು ವರ್ಷಗಳಿಗೂ ಹಿಂದೆ, 1993-94ರ ಸುಮಾರಿನಲ್ಲಿ, ತನ್ನ ಗಣಕಯಂತ್ರದಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಇಟ್ಟುಕೊಂಡಿದ್ದ ಯೂರೋಪಿನ ಅಥವಾ ಅಮೆರಿಕೆಯ ವಿದ್ಯಾರ್ಥಿಯೊಬ್ಬನು ಅಂಗಡಿಯಿಂದ ಜಾಲದ ಕಾರ್ಡೊಂದನ್ನು ತಂದು ಯಂತ್ರದ ಹೊಟ್ಟೆಯೊಳಗೆ ಸಿಕ್ಕಿಸಿದನೆಂದರೆ, ಹಲವು ವೇಳೆ ಅವನಿಗೆ ಎದುರಾಗುತ್ತಿದ್ದುದು ಇದೇ ಸ್ಥಿತಿ. ಕಾರ್ಡು ಸರಿಯಾಗಿಯೇ ಇದೆ, ತಂತಿ ಸರಿಯಾಗಿಯೇ ಇದೆ. ಯಂತ್ರಕ್ಕೆ ಮಾತ್ರ ಅದರ ಇರವೇ ತಿಳಿಯದು. ಆಗ ಅವನು ಮಾಡಬೇಕಾಗಿದ್ದ ಕೆಲಸ ಸಾಮಾನ್ಯವಾದುದಲ್ಲ. ಯಂತ್ರವನ್ನು ನಡೆಸುವ ವ್ಯವಸ್ಥೆಯ ತಿರುಳನ್ನೇ, ಕುಳಿತಲ್ಲಿಯೇ, ಹೊಸದಾಗಿ ಕಟ್ಟಬೇಕಾಗಿತ್ತು.

ತಿರುಳೆಂದರೇನು? ಆಪರೇಟಿಂಗ್ ಸಿಸ್ಟಂನ ಒಳಗೆ ಕರ್ನೆಲ್ ಎಂಬ ಭಾಗವೊಂದುಂಟು. ಅದಕ್ಕೆ ಕನ್ನಡದಲ್ಲಿ ತಿರುಳೆಂಬ ಹೆಸರು ಚೆನ್ನಾಗಿ ಒಪ್ಪುತ್ತದೆ. ಪರದೆಯ ಮೇಲೆ ಕಾಣುವ ಅಂದಚಂದಗಳೆಲ್ಲ ತೆಂಗಿನ ನಾರು, ಕರಟಗಳಿದ್ದಂತೆ. ಸ್ಮೃತಿಕೋಶದಲ್ಲಿ ಯಾರಿಗೆ ಎಷ್ಟು ಜಾಗ, ಡಿಸ್ಕಿನ ಮೇಲೆ ಯಾವುದನ್ನು ಎಲ್ಲಿ ಬರೆಯಬೇಕು, ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಯಾರಿಗೆ ಸೇರತಕ್ಕದ್ದು ಎಂಬ ತೀರ್ಮಾನಗಳೆಲ್ಲ ನಡೆಯುವುದು ಒಳಗಿನ ತಿರುಳಿನಲ್ಲಿ. ಬೇರೆ ಯಾವ ಕಾರ್ಯಕ್ರಮವೂ ಅದರ ಅಪ್ಪಣೆಯಿಲ್ಲದೆ ಯಂತ್ರದ ಅಂಗಾಂಗಗಳನ್ನು ಮುಟ್ಟುವಂತಿಲ್ಲ. ಹೀಗೆ ಒಂದೊಂದು ಅಂಗದೊಡನೆ ಮಾತನಾಡಲು ತಿರುಳಿನೊಳಗೆ ಒಬ್ಬೊಬ್ಬ ದುಭಾಷಿ ಇರಬೇಕಾಗುತ್ತದೆ. ಅವನಿಗೆ ಡ್ರೈವರ್ ಎಂದು ಹೆಸರು. ಜಾಲದ ಕಾರ್ಡಿನ ಭಾಷೆ ಬಲ್ಲ ದುಭಾಷಿ ತಿರುಳಿನಲ್ಲಿ ಇಲ್ಲದಿದ್ದರೆ ಕಾರ್ಡು ಬರಿಯ ತಗಡು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಕ್ಸನ್ನು ಬರೆಯಲಾರಂಭಿಸಿದಾಗ, ತನ್ನ ಮೇಜಿನ ಮೇಲಿದ್ದ ಯಂತ್ರದಲ್ಲಿ ಯಾವ ಯಾವ ಭಾಗಗಳಿದ್ದವೋ ಅವಕ್ಕೆ ಮಾತ್ರ ದುಭಾಷಿಗಳನ್ನು ಒದಗಿಸಿದ್ದನು. ಅದು ಸಹಜವೇ. ಜಾಲದ ಮಾತು ಅದರೊಳಗೆ ಬಂದುದು 1992ರಲ್ಲಿ, ರಾಸ್ ಬೈರೋ ಎಂಬವರ ಪ್ರಯತ್ನದಿಂದ. ಅದೇ ವರ್ಷ ಟೊರ್ವಾಲ್ಡ್ಸರು ತಮ್ಮ ಕೃತಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವವನು ತಿದ್ದಿದ ಮೂಲವನ್ನೂ ಜೊತೆಗೆ ಕೊಡತಕ್ಕದ್ದು ಎಂಬ ಕರಾರಿಗೆ ಒಳಪಡಿಸಿದರು. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಕರಾರಿನ ಮೇಲೆ.

ಇನ್ನು ಕಾರ್ಡಿನ ವಿಚಾರ. ಯಂತ್ರಗಳನ್ನು ಒಂದೇ ತಂತಿಗೆ ಪೋಣಿಸಿ ಮಾತನಾಡಿಸುವ ಈಥರ್ನೆಟ್ ಪದ್ಧತಿಯನ್ನು 1973ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ರೂಪಿಸಿದರು. ಅನಂತರ ಹಲವು ಕಂಪನಿಗಳು ಅದಕ್ಕೆ ಕಾರ್ಡುಗಳನ್ನು ಮಾಡಿದವು. ಅವುಗಳಲ್ಲಿ ನೋವೆಲ್ ಕಂಪನಿಯ ಎನ್‌ಇ-2000 ಎಂಬುದು ಬಹು ಜನಪ್ರಿಯವಾಯಿತು. ಜನಪ್ರಿಯವಾದುದಕ್ಕೆ ನಕಲುಗಳು ಹುಟ್ಟುವುದು ಲೋಕನಿಯಮ. ಒಳಗಿನ ಮುಖ್ಯ ಚಿಪ್ಪು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯದು, ಬೇಕಾದವರು ಕೊಳ್ಳಬಹುದಾದದ್ದು. ಹಾಗಾಗಿ ಹತ್ತಾರು ತಯಾರಕರು ಇದೇ ಅಚ್ಚಿನ ಅಗ್ಗದ ಕಾರ್ಡುಗಳನ್ನು ಮಾರುಕಟ್ಟೆಗೆ ಸುರಿದರು. ವಿದ್ಯಾರ್ಥಿಯ ಕೈಗೆ ಎಟುಕುತ್ತಿದ್ದುದು ಇಂಥ ಕಾರ್ಡೇ.

ಅದಕ್ಕೆ ದುಭಾಷಿಯನ್ನು ಬರೆದವರು ಡೊನಾಲ್ಡ್ ಬೆಕರ್ ಎಂಬ ಅಮೆರಿಕನ್. 1992ರಿಂದ 1994ರವರೆಗೆ ಬರೆದ ಆ ಕಡತದ ತಲೆಯಲ್ಲಿ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ಅದರ 1993ರ ಗ್ರಂಥಸ್ವಾಮ್ಯ ಅಮೆರಿಕ ಸರಕಾರದ್ದು. ಸರಕಾರದ ಪರವಾಗಿ ಅಲ್ಲಿ ನಮೂದಾಗಿರುವುದು ರಾಷ್ಟ್ರೀಯ ಭದ್ರತಾ ಸಂಸ್ಥೆಯ ನಿರ್ದೇಶಕರ ಪದವಿ. ಪರರ ಗುಟ್ಟುಗಳನ್ನು ಆಲಿಸುವುದಕ್ಕೇ ಹೆಸರಾದ ಸಂಸ್ಥೆಯ ಹಣೆಪಟ್ಟಿ ಹೊತ್ತ ಬರಹ, ಯಾರು ಬೇಕಾದರೂ ಓದಬಹುದೆಂಬ ಷರತ್ತಿನೊಡನೆ ಊರೂರಿಗೆ ಹಂಚಿಹೋಯಿತು!

ಬರಹವನ್ನು ಓದಿದರೆ ಬೆಕರರು ಪಟ್ಟ ಪಾಡೂ ತಿಳಿಯುತ್ತದೆ. ಅಸಲು ಕಾರ್ಡು ತನ್ನ ಗುರುತಿಗಾಗಿ ಒಳಗಿನ ಒಂದು ಪುಟ್ಟ ಸ್ಮೃತಿಯಲ್ಲಿ, ಗೊತ್ತಾದ ಎರಡು ಮನೆಗಳಲ್ಲಿ, ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರವನ್ನು ಎರಡು ಬಾರಿ ಬರೆದಿಟ್ಟುಕೊಂಡಿರುತ್ತದೆ. ನಕಲು ಮಾಡಿದವರಲ್ಲಿ ಕೆಲವರು ಈ ಮುದ್ರೆಯನ್ನು ಹಾಕುವುದನ್ನೇ ಮರೆತರು. ಇಂಥ ಮುದ್ರೆಗೇಡಿ ಕಾರ್ಡುಗಳಿಗಾಗಿ ಡ್ರೈವರಿನಲ್ಲಿ ಒಂದು ಪ್ರತ್ಯೇಕ ಪಟ್ಟಿಯೇ ಸೇರಿತು. ಕಾರ್ಡಿನ ವಿಳಾಸದ ಮೊದಲ ಮೂರು ಅಂಕಗಳನ್ನು ನೋಡಿ, ಇದು ಇಂಥವರ ಮನೆಯದೆಂದು ಗುರುತಿಸುವ ಉಪಾಯ. ಒಬ್ಬ ತಯಾರಕನಂತೂ ವಿಳಾಸದ ಜಾಗದಲ್ಲಿ ತನ್ನ ಕಂಪನಿಯ ಹೆಸರಿನ ಮೂರು ಅಕ್ಷರಗಳನ್ನೇ ಬರೆದುಬಿಟ್ಟಿದ್ದನು. ಪಟ್ಟಿಗೂ ಸಿಕ್ಕದ ಕಾರ್ಡಾದರೆ, ಯಂತ್ರವನ್ನು ಎಬ್ಬಿಸುವಾಗ ‘ಬಿ-ಎ-ಡಿ’ ಎಂಬ ಸಂಖ್ಯೆಯನ್ನು ತಿಳಿಸಬೇಕು. ಹದಿನಾರರ ಲೆಕ್ಕದಲ್ಲಿ ಅದು ನಿಜವಾಗಿ ಒಂದು ಸಂಖ್ಯೆ. ಇಂಗ್ಲಿಷಿನಲ್ಲಿ ಓದಿದರೆ ‘ಕೆಟ್ಟದ್ದು’ ಎಂದರ್ಥ. ಕೆಟ್ಟ ಕಾರ್ಡೆಂದು ಯಜಮಾನನೇ ಒಪ್ಪಿಕೊಂಡ ಮೇಲೆ ಡ್ರೈವರ್ ಮುದ್ರೆಯ ತಪಾಸಣೆಯನ್ನು ಬಿಟ್ಟುಕೊಡುತ್ತದೆ.

ದುಭಾಷಿಯ ಬರಹವೇನೋ ಸಿಕ್ಕಿತು. ಅದು ತಿರುಳಿನೊಳಗೆ ಸೇರುವ ಬಗೆ ಹೇಗೆ? ಅಂದಿನ ತಿರುಳು ಒಂದೇ ಎರಕದ ವಿಗ್ರಹದಂತೆ. ಆಮೇಲೆ ಒಂದು ಕೈಯನ್ನು ಅಂಟಿಸುವಂತಿಲ್ಲ. ಕರಗಿಸಿ ಮತ್ತೆ ಎರಕ ಹೊಯ್ಯಬೇಕು. 1994ರ ಮಾರ್ಚಿಯಲ್ಲಿ ಹೊರಬಂದ 1.0 ಆವೃತ್ತಿಯ ಮೂಲಬರಹದಲ್ಲಿ 1,76,000ಕ್ಕೂ ಹೆಚ್ಚು ಸಾಲುಗಳಿದ್ದವು. ಅದನ್ನೆಲ್ಲ ಯಂತ್ರಭಾಷೆಗೆ ತಿರುಗಿಸುವ ಕೆಲಸ ಕಂಪೈಲರ್ ಎಂಬ ಕಾರ್ಯಕ್ರಮದ್ದು. ಆದರೆ ಅದಕ್ಕೂ ಮೊದಲು ಪ್ರಶ್ನೋತ್ತರ. ಯಂತ್ರ ಒಂದೊಂದಾಗಿ ಕೇಳುತ್ತದೆ: ಇಂಥ ಡಿಸ್ಕು ಉಂಟೆ? ಇಂಥ ಧ್ವನಿಫಲಕ ಉಂಟೆ? ಜಾಲ ಬೇಕೆ? ಪ್ರತಿಯೊಂದಕ್ಕೂ ಹೌದು, ಅಲ್ಲ ಎಂದು ಉತ್ತರಿಸುತ್ತ ಹೋಗಬೇಕು. ತಪ್ಪಾಯಿತೆಂದು ಹಿಂದಿರುಗುವಂತಿಲ್ಲ, ಮೊದಲಿನಿಂದಲೇ ಆರಂಭ. ಇದರಲ್ಲಿ ಒಂದು ಬಲೆಯೂ ಇತ್ತು. ಜಗತ್ತಿನಲ್ಲೆಲ್ಲ ಹರಡಿದ್ದ ಎನ್‌ಇ-2000ರ ಪ್ರಶ್ನೆ ಅಡಗಿಕೊಂಡಿದ್ದುದು ‘ಇತರ ಕಾರ್ಡುಗಳು’ ಎಂಬ ಶೀರ್ಷಿಕೆಯ ಕೆಳಗೆ. ತನ್ನದು ಎಲ್ಲರ ಮನೆಯಲ್ಲಿರುವ ಕಾರ್ಡು, ‘ಇತರ’ ಹೇಗಾದೀತು ಎಂದು ಭಾವಿಸಿ ಅಲ್ಲಿ ‘ಅಲ್ಲ’ ಎಂದವನಿಗೆ ಮುಂದಿನ ಪ್ರಶ್ನೆಯ ದರ್ಶನವೇ ಆಗುತ್ತಿರಲಿಲ್ಲ. ಪಾಪ, ಹೊಸ ತಿರುಳು ಸಿದ್ಧವಾದ ಮೇಲೆ ಅತಿಥಿ ಬಾಗಿಲಲ್ಲೇ!

ಉತ್ತರಗಳು ಮುಗಿದ ಮೇಲೆ ಆಜ್ಞೆಗಳನ್ನು ಕೊಟ್ಟು ಕಾಯಬೇಕು. 386 ಜಾತಿಯ ಯಂತ್ರ, 4 ಮೆಗಾಬೈಟ್ ಸ್ಮೃತಿ ಎಂದರೆ ಗಂಟೆಗಟ್ಟಲೆಯ ಮಾತು. ರಾತ್ರಿ ಊಟಕ್ಕೆ ಮುಂಚೆ ಹಚ್ಚಿದರೆ ಮಲಗುವ ಹೊತ್ತಿಗೂ ಪರದೆಯ ಮೇಲೆ ಕಡತಗಳ ಹೆಸರು ಏರುತ್ತಲೇ ಇರುತ್ತಿತ್ತು. ಕೊನೆಗೆ ಹುಟ್ಟಿದ ತಿರುಳನ್ನು ಕುಗ್ಗಿಸಿ ಕಟ್ಟಲಾಗುತ್ತಿತ್ತು. ಹಾಗೆ ಕುಗ್ಗಿಸಿದ ಮೇಲೂ ಅದು ಸುಮಾರು ಅರ್ಧ ಮೆಗಾಬೈಟಿನೊಳಗೆ ಅಡಕವಾಗಬೇಕು. ಇರಲಿ ಎಂದು ಕಂಡಕಂಡ ಪ್ರಶ್ನೆಗೆಲ್ಲ ‘ಹೌದು’ ಎಂದ ದುರಾಶೆಯವನಿಗೆ, ಗಂಟೆಗಳ ನಿರೀಕ್ಷೆಯ ಬಳಿಕ, ಗಾತ್ರ ಮೀರಿತೆಂಬ ಸುದ್ದಿಯೇ ಫಲ.

ಎಲ್ಲಕ್ಕಿಂತ ಎದೆ ಹೊಡೆದುಕೊಳ್ಳುವ ಘಳಿಗೆ ಆಮೇಲಿನದು. ಯಂತ್ರಕ್ಕೆ ಚೈತನ್ಯ ಬಂದೊಡನೆ ತಿರುಳನ್ನು ಡಿಸ್ಕಿನಿಂದ ಎತ್ತಿ ತರುವ ಲಿಲೋ ಎಂಬ ಪುಟ್ಟ ಸೇವಕನೊಬ್ಬನಿದ್ದನು. ಅವನಿಗೆ ಕಡತಗಳ ಹೆಸರು ತಿಳಿಯದು. ಡಿಸ್ಕಿನ ಮೇಲೆ ತಿರುಳಿರುವ ತಾಣಗಳ ಸಂಖ್ಯೆಗಳನ್ನು ಗುರುತುಹಾಕಿಕೊಂಡಿರುತ್ತಾನೆ. ಮನೆ ಬದಲಾಯಿಸಿದವರು ಅಂಚೆಯವನಿಗೆ ಹೇಳದಿದ್ದರೆ ಏನಾಗುವುದೋ ಅದೇ ಇಲ್ಲಿಯೂ. ಹೊಸ ತಿರುಳನ್ನು ಹಳೆಯದರ ಜಾಗದಲ್ಲಿಟ್ಟು, ಲಿಲೋವಿಗೆ ಹೊಸ ಸಂಖ್ಯೆಗಳನ್ನು ಬರೆಸಲು ಮರೆತವನ ಯಂತ್ರ ಮರುದಿನ ಏಳದೆ ಹೋಗಬಹುದು. ಯಂತ್ರ ಏಳದಿದ್ದರೆ ಅದರೊಳಗಿನ ಪ್ರಬಂಧ, ಪತ್ರ, ಲೆಕ್ಕ ಯಾವುದೂ ಕೈಗೆ ಸಿಕ್ಕದು. ಆದುದರಿಂದಲೇ ಬಲ್ಲವರು ಹಳೆಯ ತಿರುಳನ್ನು ಅಳಿಸದೆ, ಬೇರೊಂದು ಹೆಸರಿನಲ್ಲಿ ಪಕ್ಕಕ್ಕಿಟ್ಟು, ಅದರ ಗುರುತನ್ನೂ ಲಿಲೋವಿನ ಪಟ್ಟಿಯಲ್ಲಿ ಬರೆಸುತ್ತಿದ್ದರು. ಒಂದು ಫ್ಲಾಪಿಯನ್ನೂ ಮಗ್ಗುಲಲ್ಲಿ ಇಟ್ಟುಕೊಳ್ಳುತ್ತಿದ್ದರು.

ಯಂತ್ರ ಎದ್ದಿತೆನ್ನೋಣ. ಆಗಲೂ ಕಾರ್ಡು ಕಾಣುವುದೆಂಬ ಭರವಸೆಯಿಲ್ಲ. ಕಾರ್ಡಿನೊಡನೆ ಮಾತನಾಡುವ ಬಾಗಿಲಿನ ಸಂಖ್ಯೆ, ಅದು ಯಂತ್ರವನ್ನು ಕರೆಯುವ ಗಂಟೆಯ ಸಂಖ್ಯೆ, ಇವೆರಡನ್ನೂ ಕಾರ್ಡಿನ ಮೇಲಿನ ಸಣ್ಣ ಕೊಂಡಿಗಳಿಂದ ಗೊತ್ತುಮಾಡಬೇಕಾಗಿತ್ತು. ಮೂರನೆಯ ಗಂಟೆಯನ್ನು ಆರಿಸಿದರೆ ಎರಡನೆಯ ಸೀರಿಯಲ್ ಪೋರ್ಟಿನೊಡನೆ ಜಗಳ. ಹದಿನಾರರ ಲೆಕ್ಕದ 360ನೆಯ ಬಾಗಿಲಿನಲ್ಲಿಟ್ಟರೆ ಕಾರ್ಡು ಅಲ್ಲಿಂದ 32 ಮನೆಗಳನ್ನು ಆಕ್ರಮಿಸಿ, 378ರಲ್ಲಿರುವ ಮುದ್ರಕದ ಜಾಗಕ್ಕೆ ಕಾಲು ಚಾಚುತ್ತದೆ. ಇದು ಸಾಲದೆಂಬಂತೆ, ಬೇರೆ ಯಂತ್ರಭಾಗಗಳನ್ನು ಹುಡುಕಿಕೊಂಡು ಹೊರಟ ಬೇರೆ ಡ್ರೈವರುಗಳು ಈ ಕಾರ್ಡಿನ ಬಾಗಿಲನ್ನು ತಟ್ಟಿದರೆ ಇಡೀ ಯಂತ್ರವೇ ಸ್ತಬ್ಧವಾಗುವುದೂ ಉಂಟು. 300ರಿಂದ 32 ಮನೆಗಳ ತಂಟೆಗೆ ಯಾರೂ ಹೋಗಕೂಡದೆಂದು ಮೊದಲೇ ಸಾರುವ ಆಜ್ಞೆಯೊಂದಿತ್ತು. ಇಷ್ಟೆಲ್ಲವೂ ಸರಿಹೋದ ಮೇಲೆ, ಯಂತ್ರ ಏಳುವಾಗ ಹರಿದುಹೋಗುವ ಸಾಲುಗಳ ನಡುವೆ ಒಂದು ಸಾಲು: ಕಾರ್ಡಿನ ಹೆಸರು, ಅದರ ಆರು ಅಂಕಗಳ ವಿಳಾಸ. ಅತಿಥಿಯ ಹೆಸರನ್ನು ಮನೆಯವರು ಮೊದಲ ಬಾರಿಗೆ ಉಚ್ಚರಿಸಿದರು.

ಇಷ್ಟು ಕಷ್ಟ ಯಾತಕ್ಕೆ, ಕಂಪನಿಯವರು ಮಾರುವ ಸಿದ್ಧ ವ್ಯವಸ್ಥೆ ಸಾಲದೆ ಎಂದು ಗೃಹಸ್ಥರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರ ಸಿಕ್ಕುವುದು ಬೆಕರರ ಮುಂದಿನ ಜೀವನದಲ್ಲಿ. 1994ರಲ್ಲಿ ಅವರು ಮೇರಿಲ್ಯಾಂಡಿನ ಗ್ರೀನ್‌ಬೆಲ್ಟ್‌ನಲ್ಲಿರುವ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಎಂಬವರೊಡನೆ ಕೆಲಸಕ್ಕೆ ತೊಡಗಿದರು. ಭೂಮಿ, ಅಂತರಿಕ್ಷಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಗಳ ಬಳಿ ಲೆಕ್ಕ ಹಾಕಬೇಕಾದ ಸಾಮಗ್ರಿ ರಾಶಿರಾಶಿಯಾಗಿತ್ತು; ಅದಕ್ಕೆ ತಕ್ಕ ಮಹಾಗಣಕವನ್ನು ಕೊಳ್ಳುವುದು ಸಾಮಾನ್ಯ ಪ್ರಯೋಗಶಾಲೆಯ ಅಳವಲ್ಲ. ಅಂಗಡಿಯಲ್ಲಿ ಸಿಕ್ಕುವ 486 ಜಾತಿಯ 16 ಯಂತ್ರಗಳನ್ನು ಈಥರ್ನೆಟ್ಟಿನಿಂದ ಜೋಡಿಸಿ ಒಂದೇ ಯಂತ್ರದಂತೆ ದುಡಿಸಬಾರದೇಕೆಂಬುದು ಅವರ ಯೋಚನೆ. ತೊಡಕೊಂದೇ: ಸೆಕೆಂಡಿಗೆ ಒಂದು ಕೋಟಿ ಬಿಟ್‌ಗಳನ್ನು ಒಯ್ಯುವ ಅಂದಿನ ತಂತಿ ಈ ಸಂಭಾಷಣೆಗೆ ಕಿರಿದಾಗುತ್ತಿತ್ತು. ಅವರು ಪ್ರತಿ ಯಂತ್ರಕ್ಕೂ ಒಂದರ ಬದಲು ಎರಡು ಕಾರ್ಡುಗಳನ್ನು ಹಾಕಿ, ಎರಡು ತಂತಿಗಳಿಗೂ ಮಾತನ್ನು ಹಂಚುವಂತೆ ತಿರುಳನ್ನೇ ತಿದ್ದಿದರು. ಮೂಲಬರಹವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ವ್ಯವಸ್ಥೆಯಾಗಿದ್ದರೆ ಅವರು ಕಂಪನಿಗೆ ಅರ್ಜಿ ಬರೆದು ಕಾಯಬೇಕಾಗಿತ್ತು. ಹದಿನಾರು ಯಂತ್ರಗಳ ಒಬ್ಬ ಗಿರಾಕಿಗಾಗಿ ಯಾವ ಕಂಪನಿ ತಾನೆ ತನ್ನ ತಿರುಳನ್ನು ಬಿಚ್ಚೀತು?

ಈ ಯೋಜನೆಗೆ ಅವರು ಹಳೆಯ ಇಂಗ್ಲಿಷ್ ಕಾವ್ಯದ ವೀರ ಬಿಯೊವುಲ್ಫನ ಹೆಸರನ್ನಿಟ್ಟರು. 1996ರಲ್ಲಿ ಲಾಸ್ ಅಲಮಾಸ್‌ನಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ಇದೇ ಮಾದರಿಯಲ್ಲಿ ಕಟ್ಟಿದ ಎರಡು ಯಂತ್ರಸಮೂಹಗಳು, ತಲಾ ಸುಮಾರು 50,000 ಡಾಲರಿನ ವೆಚ್ಚದಲ್ಲಿ, ಸೆಕೆಂಡಿಗೆ ನೂರು ಕೋಟಿಗೂ ಮಿಕ್ಕ ಗಣನೆಗಳನ್ನು ಮಾಡಿ ತೋರಿಸಿದವು. ಕೊಟ್ಟ ಹಣಕ್ಕೆ ದೊರೆತ ವೇಗದ ಲೆಕ್ಕದಲ್ಲಿ 1997ರ ಗಾರ್ಡನ್ ಬೆಲ್ ಪಾರಿತೋಷಕ ಆ ಕೆಲಸಕ್ಕೆ ಸಂದಿತು. ಪುರಸ್ಕೃತರ ಸಾಲಿನಲ್ಲಿ ಸ್ಟರ್ಲಿಂಗರೂ ಬೆಕರರೂ ಇದ್ದರು. 2017ರ ನವೆಂಬರಿನಲ್ಲಿ ಪ್ರಕಟವಾದ ಜಗತ್ತಿನ 500 ಅತಿವೇಗದ ಗಣಕಗಳ ಪಟ್ಟಿಯಲ್ಲಿ ಎಲ್ಲ ಐನೂರೂ ನಡೆಯುತ್ತಿದ್ದುದು ಲಿನಕ್ಸಿನಿಂದ.

ಹೊಸ ಕಾರ್ಡು ತಂದವರು ಇಂದು ರಾತ್ರಿ ಜಾಗರಣೆ ಮಾಡಬೇಕಾಗಿಲ್ಲ. ಡ್ರೈವರುಗಳನ್ನು ಬಿಡಿ ತುಂಡುಗಳಾಗಿ ಇಟ್ಟುಕೊಂಡು, ಬೇಕಾದಾಗ ನಡೆಯುತ್ತಿರುವ ತಿರುಳಿಗೇ ಸೇರಿಸುವ ಪದ್ಧತಿ 1990ರ ದಶಕದ ನಡುವಿನಿಂದ ಬಳಕೆಗೆ ಬಂದಿತು. ಕಾರ್ಡುಗಳೂ ಕೊಂಡಿಗಳನ್ನು ಬಿಟ್ಟು, ತಾವು ಯಾರೆಂಬುದನ್ನು ಕೇಳಿದೊಡನೆ ಹೇಳುವ ನಡತೆಯನ್ನು ಕಲಿತವು. ಆದರೂ ಲಿನಕ್ಸ್ ಯಂತ್ರವೊಂದಕ್ಕೆ ಹೊಸ ತಿರುಳು ಬಂದಾಗ, ಅದನ್ನು ಒದಗಿಸುವವರಲ್ಲಿ ಅನೇಕರು ಈಗಲೂ ಹಳೆಯದನ್ನು ಒಡನೆ ಅಳಿಸುವುದಿಲ್ಲ. ಯಂತ್ರ ಏಳುವಾಗ ತೋರುವ ಪಟ್ಟಿಯಲ್ಲಿ, ಹೊಸದರ ಕೆಳಗೆ, ಅದರ ಹೆಸರೂ ಇರುತ್ತದೆ.