ಮರಿಗಿಂತ ಮೊದಲು ತಾಯಿಯನ್ನು ನೋಡೋಣ

ಪುಟ್ಟ ನಾಯಿಮರಿ ಬೇಕೆಂದು ಮಕ್ಕಳು ಹಟ ಹಿಡಿದಾಗ ನಾವು ಮೊದಲು ಕೇಳುವುದು ಬೆಲೆ. ಕೇಳಬೇಕಾದದ್ದು, "ಇದರ ತಾಯಿ ಎಲ್ಲಿ?" ಲೂಸಿ ಎಂಬ ಕ್ಯಾವಲಿಯರ್ ತಳಿಯ ನಾಯಿ ವೇಲ್ಸಿನಲ್ಲಿ ಮರಿ ಹಾಕುವ ಯಂತ್ರದಂತೆ ಬಳಲಿ, 2013ರಲ್ಲಿ ಪಾರಾಯಿತು. ಅದರ ಹೆಸರಿನ ಕಾನೂನು 2020ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಜಾರಿಯಲ್ಲಿದೆ: ಆರು ತಿಂಗಳೊಳಗಿನ ಮರಿಗಳನ್ನು ಅಂಗಡಿಯವರು, ದಲ್ಲಾಳಿಗಳು ಮಾರುವಂತಿಲ್ಲ. ಆದ್ದರಿಂದ ತಾಯಿಯನ್ನು ತೋರಿಸದವರು, ಎಂಟು ವಾರ ತುಂಬದ ಮರಿ ಕೊಡುವವರು, ಮೈಕ್ರೋಚಿಪ್ ಹಾಕಿಸದವರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಮಗೆ ಬೇಡ. ಉಳಿಸಿದ ಹಣ ಪಶುವೈದ್ಯರ ಬಿಲ್ಲಿಗೇ ಹೋದೀತು. ಕೈ ಬಿಗಿಯಿದ್ದರೆ ಆಶ್ರಯ ಕೇಂದ್ರದಿಂದ ಬೆಳೆದ ನಾಯಿಯನ್ನೇ ತರೋಣ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆ ನಾಯಿಗೂ ಸಲ್ಲುತ್ತದೆ. ತಾಯಿಯನ್ನು ನೋಡದೆ ಮರಿ ಕೊಂಡರೆ ಇನ್ನೊಬ್ಬ ಲೂಸಿಯನ್ನು ಗೂಡಿನಲ್ಲಿ ಕೂಡಿಹಾಕಲು ನಾವೇ ದುಡ್ಡು ಕೊಟ್ಟಂತೆ.